ಎಫ್11.11: ಒಂದು ಮುಕ್ತಿಮೀಮಾಂಸೆ

ಪ್ರತಿ ಕಾಯಿಲೆಗೂ ಒಂದು ಕೋಡ್ ಕೊಟ್ಟು ಅಮೆರಿಕದ ಆಸ್ಪತ್ರೆಗಳನ್ನು ಆಳುತ್ತಿರುವ ಐಸಿಡಿ-10-ಸಿಎಂ ಎಂಬ ಸೂತ್ರಗ್ರಂಥವನ್ನು ನಮ್ಮ ವಿದ್ವಾಂಸರು ಇನ್ನೂ ಕೈಗೆತ್ತಿಕೊಳ್ಳದಿರುವುದು ಶೋಚನೀಯ. 2015ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಈ ಗ್ರಂಥದಲ್ಲಿ ಬಾತುಕೋಳಿ ಬಡಿದವನಿಗೂ ಒಂದು ಸೂತ್ರವುಂಟು. ಅದರ ತಿರುಳಿರುವುದು ಮಾತ್ರ ಎಫ್11 ಎಂಬ ಅಫೀಮು ಪ್ರಕರಣದಲ್ಲಿ. ಮುಕ್ತಿ ಎಲ್ಲಿ ಸಂಭವಿಸುತ್ತದೆ ಎಂಬ ಹಳೆಯ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತದೆ: ಡಾಕ್ಟರರ ನೋಟ್ಸಿನಲ್ಲಿ.

ವ್ಯಸನ ಶಮನವಾಗಿದೆ ಎಂಬ ಕೋಡನ್ನು ವೈದ್ಯರ ಬರಹದ ಆಧಾರದ ಮೇಲೆ ಮಾತ್ರ ಹಾಕಬೇಕೆಂದು ಅಧಿಕೃತ ಮಾರ್ಗಸೂಚಿಯೇ ವಿಧಿಸುತ್ತದೆ. ಮೂತ್ರಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಸಾಲದೇ ಎಂದು ಪೂರ್ವಪಕ್ಷಿ ಕೇಳಬಹುದು. ಸಾಲದು. ಅದು ಪ್ರತ್ಯಕ್ಷ, ಅದರಿಂದ ಕೋಡ್ ಹಾಕುವ ಕೋಡರ್ ತೀರ್ಮಾನಕ್ಕೆ ಬಂದರೆ ಅದು ಅನುಮಾನ. ಇಲ್ಲಿ ನಡೆಯುವುದು ಶಬ್ದಪ್ರಮಾಣವೊಂದೇ. ಚಟ ಬಿಡಿಸಲು ಕೊಡುವ ಬ್ಯುಪ್ರೆನಾರ್ಫಿನ್ ತೆಗೆದುಕೊಳ್ಳುತ್ತಿರುವವನು ಅಫೀಮಿನ ಬಳಗದ್ದನ್ನೇ ತೆಗೆದುಕೊಳ್ಳುತ್ತಿಲ್ಲವೇ, ಅವನೆಂಥ ಮುಕ್ತ ಎಂಬುದು ಎರಡನೆಯ ಆಕ್ಷೇಪ. ವೈದ್ಯರು ಬರೆದುಕೊಟ್ಟು ತೆಗೆದುಕೊಂಡದ್ದು ಬಂಧವಲ್ಲ ಎನ್ನುತ್ತದೆ ಮನೋರೋಗಗಳ ಲಕ್ಷಣಗ್ರಂಥವಾದ 2013ರ ಡಿಎಸ್ಎಂ-5. ಇನ್ನೂ ಸೊಗಸಾದ ಮಾತೆಂದರೆ, ಅದು ಹೇಳುವ ವ್ಯಸನದ 11 ಲಕ್ಷಣಗಳಲ್ಲಿ ಹತ್ತು ಅಳಿದು ಹಂಬಲವೊಂದು ಉಳಿದರೂ ಶಮನಕ್ಕೆ ಬಾಧಕವಿಲ್ಲ. ಜೀವನ್ಮುಕ್ತನಿಗೂ ವಾಸನಾಶೇಷ ಇರಬಹುದೆಂಬ ವಾದಕ್ಕೆ ಇಷ್ಟು ಬಲವಾದ ಸಾಕ್ಷಿ ಬೇರೆಲ್ಲೂ ಕಾಣೆವು. ಮೂರು ತಿಂಗಳು ಬಿಟ್ಟವನಿಗೂ ಮೂವತ್ತು ವರ್ಷ ಬಿಟ್ಟವನಿಗೂ ಅದೇ ಅಂಕಿ, ಇದು ಅದ್ವೈತ.

ಮುಕ್ತಿ ಬರಹದಲ್ಲಿದೆ ಎಂಬುದಕ್ಕೆ ಗ್ರಂಥದ ಇತಿಹಾಸವೇ ದೊಡ್ಡ ಪುರಾವೆ. 2015ರಲ್ಲಿ ಅವಲಂಬನೆಗೆ, ಅಂದರೆ ಚಟ ಬಲಿತವನಿಗೆ, ಎಫ್11.21 ಎಂಬ ಶಮನದ ಕೋಡ್ ಇತ್ತು. ಎರಡು ಮೂರು ಲಕ್ಷಣಗಳಷ್ಟೇ ಇದ್ದ ಸೌಮ್ಯ ವ್ಯಸನಿ ದುರ್ಬಳಕೆಯ ಲೆಕ್ಕಕ್ಕೆ ಸೇರುತ್ತಿದ್ದ; ಅವನಿಗೆ ಅಂಥದ್ದೊಂದು ಇರಲೇ ಇಲ್ಲ. ಕಂಠಮಟ್ಟ ಮುಳುಗಿದವನಿಗೆ ದಡವಿತ್ತು, ಮೊಣಕಾಲುದ್ದ ಇಳಿದವನಿಗಿರಲಿಲ್ಲ! ಅವನಿಗೆ ಎಫ್11.11 ದಯಪಾಲಿಸಿದ್ದು 2017ರ ಅಕ್ಟೋಬರ್ 1ರಂದು. ದುರ್ಬಳಕೆಯೋ ಅವಲಂಬನೆಯೋ ಎಂದು ಗೊತ್ತುಪಡಿಸದ ಬರೀ ಬಳಕೆಯವನು, ಪಾದವಷ್ಟೇ ತೋಯಿಸಿಕೊಂಡವನು, ಎಫ್11.91ಕ್ಕಾಗಿ 2022ರ ಅಕ್ಟೋಬರ್‌ವರೆಗೆ ಕಾದ. ಇದು ಸಮಿತಿಯವರ ಮರೆವು ಎಂದು ಕೆಲವರು ಹೇಳಿಯಾರು. ಶಾಸ್ತ್ರದಲ್ಲಿ ಮರೆವು ಎಂಬುದಿಲ್ಲ, ಅಧಿಕಾರಭೇದವುಂಟು ಅಷ್ಟೆ. ಪಾಪ ಕಿರಿದಾದಷ್ಟೂ ಸರದಿ ಉದ್ದ.

ಈ ಶಾಸ್ತ್ರದ ಪಾರಾಯಣ ನಮ್ಮ ಬೆಂಗಳೂರಿನಲ್ಲೂ ನಡೆದಿದೆ. ಅಮೆರಿಕದ ಚಾರ್ಟುಗಳನ್ನು ಇಲ್ಲಿ ಕುಳಿತು ಕೋಡ್ ಮಾಡುವವರೇ ಅದರ ನಿಜವಾದ ಮೀಮಾಂಸಕರು. ‘ಓಪಿಯಾಯ್ಡ್ ದುರ್ಬಳಕೆ, ಈಗ ಆರಾಮ’ ಎಂದು ಅಲ್ಲಿಯ ಡಾಕ್ಟರು ಗೀಚಿದ್ದರೆ ‘ಆರಾಮ’ವನ್ನು ಶಮನವೆಂದು ಅರ್ಥೈಸುವ ಹಕ್ಕು ಇವರಿಗಿಲ್ಲ, ಆ ಡಾಕ್ಟರಿಗೇ ಕ್ವೆರಿ ಕಳಿಸಬೇಕು. ಡಾಕ್ಟರು ರಜೆಯಲ್ಲಿದ್ದರೆ, ಬಿಟ್ಟು ಹತ್ತು ವರ್ಷವಾದ ಆ ಮನುಷ್ಯ ಅವರು ಬರುವ ತನಕ ಇತ್ತ ಬದ್ಧನೂ ಅಲ್ಲ, ಅತ್ತ ಮುಕ್ತನೂ ಅಲ್ಲ, ಪೆಂಡಿಂಗ್.