ಹೂವಿಗ್ಯಾಕೆ ಅವಸರ

ಬೆಟಗೇರಿಯ ಚಹಾದಂಗಡಿಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದ ಅಳಿಯ ತಟ್ಟನೆ, "ಮಾಮಾ, ಹೊರದೇಶದಾಗ ಗಾಂಜಾ ಗಿಡ ಲಗೂನ ಹೂ ಬಿಡ್ಲಿ ಅಂತ ಹೊಸ ತಳಿ ಮಾಡ್ಯಾರಂತ!" ಎಂದ. ಎದುರಿನ ಬೆಂಚಿನವರೊಬ್ಬರು ಬಶಿಯನ್ನು ತುಟಿಯ ಹತ್ತಿರವೇ ನಿಲ್ಲಿಸಿದರು.

"ಸಣ್ಣಕ ಮಾತಾಡೋ ತಮ್ಮಾ" ಎಂದೆ. 1985ರ ಮಾದಕ ವಸ್ತು ಕಾಯ್ದೆ ಗಾಂಜಾ ಅನ್ನುವುದು ಹೂಬಿಟ್ಟ ತುದಿಗೆ. ಬೆಳೆಯುವವನಿಗೆ ಮಾತ್ರ ಹೂವಿನ ತನಕ ಕಾಯುವ ಪುಣ್ಯವಿಲ್ಲ, ಗಿಡ ಹಚ್ಚಿದರೇ ಕೇಸು. ಆ ಗಿಡವೋ, ರಾತ್ರಿ ಉದ್ದವಾಗುವ ತನಕ ಹೂಬಿಡದ ಜಾತಿ. ರಷ್ಯಾದ ಕಡೆ ಅದರದೇ ಗಿಡ್ಡ ಕಾಡುಬಳಗವೊಂದಿದೆ. ಹಗಲು ರಾತ್ರಿಯ ಲೆಕ್ಕ ಇಡದೆ, ವಯಸ್ಸಿಗೆ ಬಂದೊಡನೆ ಹೂವಾಗುತ್ತದೆ. ಎರಡಕ್ಕೂ ಗಂಟು ಹಾಕಿದರು, ಅಷ್ಟೇ.

ಗಂಟು ಹಾಕುವುದರಲ್ಲಿ ನಮ್ಮ ಎರಿ ಹೊಲಗಳೇನು ಕಡಿಮೆಯಲ್ಲ. 19ನೇ ಶತಮಾನದಲ್ಲಿ ಅಮೆರಿಕದಿಂದ ಧಾರವಾಡ ಸೀಮೆಗೆ ಬಂದಿಳಿದ ಹತ್ತಿಯಲ್ಲಿ ಆರಿಸಿ ತೆಗೆದದ್ದು 'ಗದಗ-1'. ಅದಕ್ಕೆ ಕಾಂಬೋಡಿಯಾ ಹತ್ತಿ ಕೂಡಿ 'ಲಕ್ಷ್ಮಿ' ಹುಟ್ಟಿತು. ಆ ಲಕ್ಷ್ಮಿಗೆ ಬೇರೆ ಜಾತಿಯ ವರ ಹುಡುಕಿ, 1972ರಲ್ಲಿ ಧಾರವಾಡದಿಂದ 'ವರಲಕ್ಷ್ಮಿ' ಹೈಬ್ರಿಡ್ ಕೊಟ್ಟವರು ಬಿ.ಎಚ್. ಕಟರಕಿ. ನಮ್ಮೂರು ಗದಗಿನ ಹೆಸರು ಮೊಮ್ಮಗಳ ತನಕ ಬರಲಿಲ್ಲ, ರಕ್ತ ಬಂತು.

ಲಕ್ಷ್ಮೇಶ್ವರದ ಕಡೆ ನಮ್ಮ ಅತ್ತಿ ಹತ್ತಿ ಬೀಜದ ಕ್ರಾಸಿಂಗಿಗೆ ಹೋಗುತ್ತಿದ್ದಳು. ರಜೆಯಲ್ಲಿ ಒಂದು ಸಂಜೆ ನಾನೂ ಬೆನ್ನು ಹತ್ತಿದೆ. ನಾಳೆ ಅರಳಬೇಕಾದ ಮೊಗ್ಗಿನ ಬುಡಕ್ಕೆ ಹೆಬ್ಬೆರಳ ಉಗುರು ಕೊಟ್ಟು ಮೆಲ್ಲಗೆ ತಿರುವಬೇಕು. ಎಸಳು, ಪುಡಿಯ ಚೀಲಗಳ ಕೊಳವೆ ಒಟ್ಟಿಗೆ ಟೊಪ್ಪಿಗೆಯಂತೆ ಕಳಚಿ ಬರಬೇಕು. ನಡುವಿನ ಕಡ್ಡಿ ಹಂಗೇ ನಿಲ್ಲಬೇಕು. ಮರುದಿನ ಮುಂಜಾನೆ ಗಂಡು ಹೂ ತಂದು ಅದಕ್ಕೆ ಸವರಿ, ಗುರುತಿಗೆ ದಾರ ಕಟ್ಟುವುದು. ಅತ್ತಿಯ ಕೈ ಶ್ಯಾವಿಗಿ ಹೊಸೆದಂತೆ ಓಡುತ್ತಿತ್ತು. ನಾನು ಮುಟ್ಟಿದ ಮೊದಲ ಮೂರು ಮೊಗ್ಗಿಗೂ ಕಡ್ಡಿ ಮುರಿಯಿತು. "ಕೈಯಲ್ಲೋ ಅದು, ಇಕ್ಕಳ!" ಎಂದು ನನ್ನನ್ನು ನೀರಿನ ಕೊಡ ಕಾಯಲು ಕೂರಿಸಿದಳು.

ಅವಸರ ನಮಗೂ ಇದೆ. ಶಿರಹಟ್ಟಿ, ಮುಂಡರಗಿಯ ಒಣಬೇಸಾಯದಲ್ಲಿ ಮಳೆ ಕೈಕೊಡುವ ಮೊದಲೇ ಹೂವಾಗಿ ಕಾಯಿ ಕಟ್ಟಬೇಕು. ಎರಡು ತಿಂಗಳ ಚಿಲ್ಲರೆಗೆ ಕೈಗೆ ಬರುವ ಹೆಸರನ್ನು ಮುಂಗಾರಿಗೆ ಬಿತ್ತುವುದು ಅದಕ್ಕೇ. ಅದು ಎದ್ದರೆ ಹಿಂಗಾರಿಗೆ ನೆಲ ಖಾಲಿ. ಹತ್ತಿ ಮಾತ್ರ ದೊಡ್ಡವರ ಮನೆಯ ಬೀಗತಿ. ಮುಂಜಾನೆ ಅರಳಿದ ಹೂ ಮರುದಿನಕ್ಕೆ ಗುಲಾಬಿಯಾಗಿ ಬಾಡುತ್ತದೆ, ಅಷ್ಟು ಅವಸರ; ಆಮೇಲೆ ಕಾಯಿ ಒಡೆಯಲು ಸುಮಾರು ಐವತ್ತು ದಿನ ಕಾಯಿಸುತ್ತದೆ.

ಇಷ್ಟು ಕೇಳಿದ ಅಳಿಯ, "ಹತ್ತಿ ಬೆಳ್ಯಾಕ ಲೈಸನ್ಸ್ ಬೇಕೇನ್ ಮಾಮಾ?" ಎಂದ.

"ಲೈಸನ್ಸ್ ಬ್ಯಾಡ, ಸಾಲ ಬೇಕು" ಎಂದರು ಎದುರಿನ ಬೆಂಚಿನವರು, ಆರಿದ ಚಹಾ ಸುರ್ರೆಂದು ಎಳೆದುಕೊಳ್ಳುತ್ತ.