ದುರಸ್ತಿ ಮೀಮಾಂಸೆ: ಜಗಲಿವಾದ ಮತ್ತು ಬಚ್ಚಲುವಾದ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಸೂತ್ರಕ್ಕೆ ಕನ್ನಡದಲ್ಲಿ ಈವರೆಗೆ ಸರಿಯಾದ ಭಾಷ್ಯ ಬಂದಿಲ್ಲ. ಬಂದ ವ್ಯಾಖ್ಯಾನಗಳೆಲ್ಲ ಖರ್ಚಿನ ಸುತ್ತಲೇ ಗಿರಕಿ ಹೊಡೆದಿವೆ. ಸೂತ್ರಕಾರನ ಕಾಲ, ದೇಶ, ಹೆಸರು ಒಂದೂ ತಿಳಿಯದು. ಆತ ಮನೆ ಕಟ್ಟಿ ಕೈ ಸುಟ್ಟುಕೊಂಡವನು, ಮಗಳ ಮದುವೆ ಮಾಡಿ ಸಾಲ ಹೊತ್ತವನು ಎಂಬುದಷ್ಟೇ ಆಂತರಿಕ ಪುರಾವೆಯಿಂದ ಸಿದ್ಧವಾಗುತ್ತದೆ. ಆದರೆ ಸೂತ್ರದಲ್ಲಿ ದೊಡ್ಡದೊಂದು ಲೋಪವಿದೆ. ಮದುವೆ ಆಗಿಹೋಗಿದೆ, ಮನೆಯನ್ನು ತಾತ ಕಟ್ಟಿ ಹೋಗಿದ್ದಾನೆ, ಈಗ ಗಂಡ ಹೆಂಡತಿ ಇಬ್ಬರೇ ಸೇರಿ ಅದನ್ನು ರಿಪೇರಿ ಮಾಡಬೇಕು. ಈ ಸಂದರ್ಭದಲ್ಲಿ ಸೂತ್ರ ಬಾಯಿ ಬಿಡುವುದಿಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ತುಂಬಲು ಹೊರಟಿದೆ.

ಅಧ್ಯಯನದ ಕ್ಷೇತ್ರ ಬೆಂಗಳೂರು ಗ್ರಾಮಾಂತರ. 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆ ಎರಡು ಪಾಲಾದಾಗ ಇದು ಹುಟ್ಟಿತು. 2007ರಲ್ಲಿ ರಾಮನಗರದ ಕಡೆಯವರು ಪಾಲು ತೆಗೆದುಕೊಂಡು ಹೋದರು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕು ಉಳಿದವು. ಭಾಗ, ನಡುಗೋಡೆ, ಹಿತ್ತಲ ತಕರಾರು ಇವೆಲ್ಲ ಜಿಲ್ಲೆಗೇ ಹುಟ್ಟಿನಿಂದ ಬಂದ ಗುಣವಾದ್ದರಿಂದ ಕ್ಷೇತ್ರದ ಆಯ್ಕೆಗೆ ಬೇರೆ ಸಮರ್ಥನೆ ಬೇಕಿಲ್ಲ.

ಅಧ್ಯಯನಕ್ಕೆ ಆಕರವಾದ ದಂಪತಿಯ ಹೆಸರು ಹೇಳುವಂತಿಲ್ಲ. ಸಂಶೋಧನಾ ನೀತಿ ಅಡ್ಡ ಬರುತ್ತದೆ. ಮೇಲಾಗಿ ಅವರು ಇನ್ನೂ ಒಂದೇ ಮನೆಯಲ್ಲಿದ್ದಾರೆ. ಗಂಡ ದೊಡ್ಡಬಳ್ಳಾಪುರದ ಕಡೆಯವನು, ಹೆಂಡತಿ ಹೊಸಕೋಟೆ ಕಡೆಯವಳು, ಸಂಬಳ ಬೆಂಗಳೂರಿನದು. ಮನೆ ತಾತನ ಕಾಲದ್ದು: ಒಂದೂವರೆ ಅಡಿ ದಪ್ಪದ ಮಣ್ಣುಗೋಡೆ, ಮುಂದೆ ಕಲ್ಲು ಚಪ್ಪಡಿಯ ಜಗಲಿ, ನಡುಮನೆಯ ಮೇಲೆ ಜಂತೆ, ಅದರ ಮೇಲೆ ಮಂಗಳೂರು ಹೆಂಚು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ಇಳಿಯಲು ಶುರುವಾದ ಮೇಲೆ ಈ ಸೀಮೆಯಲ್ಲಿ ಇಂಥ ಮನೆಗಳ ಬೆಲೆ ಅವುಗಳ ಕೆಳಗಿನ ನೆಲದ ಬೆಲೆಯಷ್ಟೇ ಆಗಿದೆ. ಮೊದಲು ಬಂದು ನೋಡಿದ ಮೇಸ್ತ್ರಿಯೂ ಇದನ್ನೇ ಹೇಳಿದ: “ಇದುಕ್ಕೆ ಯಾಕ್ ಸಾ ದುಡ್ ಸುರೀತೀರಾ? ಬೀಳಿಸ್ಬುಟ್ಟು ಹೊಸ್ದು ಎತ್ಬುಡಿ.” ದಂಪತಿ ಒಪ್ಪಲಿಲ್ಲ. ಮೇಸ್ತ್ರಿ ಮುಂಗಡ ತೆಗೆದುಕೊಂಡು “ನಾಳಿಕ್ ಬತ್ತೀನಿ” ಎಂದು ಹೋದ.

ತಾವೇ ಕೈ ಹಾಕುವ ನಿರ್ಧಾರ ಹೀಗೆ ಹುಟ್ಟುತ್ತದೆ. ಸ್ವಾವಲಂಬನೆಯ ತತ್ತ್ವ, ಕೈಕೆಲಸದ ಘನತೆ ಇತ್ಯಾದಿಗಳನ್ನು ಆಮೇಲೆ ನೆಂಟರಿಷ್ಟರ ಮುಂದೆ ಜೋಡಿಸಲಾಗುತ್ತದೆ.

ಯಾವ ಶಾಸ್ತ್ರವಾದರೂ ಪ್ರಮಾಣದಿಂದ ಆರಂಭವಾಗಬೇಕು. ದುರಸ್ತಿಯಲ್ಲಿ ಪ್ರಮಾಣ ನಾಲ್ಕು. ಕಣ್ಣಿಗೆ ಕಂಡ ಬಿರುಕು ಪ್ರತ್ಯಕ್ಷ. ಪಕ್ಕದ ಮನೆಯವರು ಹಾಕಿಸಿದ ಟೈಲ್ಸು ಉಪಮಾನ. ಯೂಟ್ಯೂಬು ಶಬ್ದ, ಆಪ್ತವಾಕ್ಯವಾದ್ದರಿಂದ ಅದನ್ನು ಗಂಡ ಪ್ರಶ್ನಿಸುವಂತಿಲ್ಲ, ಹೆಂಡತಿ ನಂಬುವಂತಿಲ್ಲ. ಮೇಸ್ತ್ರಿ ಮಾತ್ರ ಚಾರ್ವಾಕ ಮತದವನು, ಪ್ರತ್ಯಕ್ಷವೊಂದನ್ನೇ ಒಪ್ಪುತ್ತಾನೆ, ಅದೂ ನಗದಿನ ರೂಪದಲ್ಲಿ. ಉಳಿದ ಅನುಮಾನವೇ ಕಷ್ಟದ್ದು. ಹೊಗೆಯಿದ್ದಲ್ಲಿ ಬೆಂಕಿ ಎಂದ ತಾರ್ಕಿಕರು ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಲ್ಲ. ಒದ್ದೆ ಇದ್ದಲ್ಲಿ ತೂತು ಇರುವುದಿಲ್ಲ. ಕೋತಿ ಒಡೆದದ್ದು ಬೀದಿ ಕಡೆಯ ಹೆಂಚು. ನೀರು ಅಲ್ಲಿಂದ ರೀಪರಿಗೆ ಹತ್ತಿ, ಜಂತೆಯ ಕೆಳಮೈಯನ್ನು ಹಿಡಿದು ಹನ್ನೆರಡು ಅಡಿ ತೆವಳಿ, ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ತೊಟ್ಟಿಕ್ಕುತ್ತದೆ. ಗಂಡ ಡಬ್ಬದ ನೇರಕ್ಕೆ ಏಣಿ ಹಾಕಿ ಹತ್ತಿದ. ಅಲ್ಲಿದ್ದ ಮೂರು ಒಳ್ಳೆಯ ಹೆಂಚು ಅವನ ಕಾಲಿಗೆ ಸಿಕ್ಕಿ ಒಡೆದವು. ಈಗ ಅನುಮಾನ ನಿಜವಾಯಿತು: ಡಬ್ಬದ ಮೇಲೆಯೇ ತೂತು.

ಆ ಹೆಂಚಿಗೊಂದು ವಂಶಾವಳಿಯುಂಟು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಅಲ್ಲಿಯವರೆಗೆ ಕುಂಬಾರರು ತಿಗರಿಯ ಮೇಲೆ ಕೊಳವೆಯಂತೆ ಎತ್ತಿ ಸೀಳುತ್ತಿದ್ದ ನಾಡಹೆಂಚೇ ಗತಿ. ನಾಡಹೆಂಚನ್ನು ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಕೈಯಾಡಿಸಬೇಕಿತ್ತು. ಮಂಗಳೂರು ಹೆಂಚು ಒಂದರ ತುಟಿಗೆ ಇನ್ನೊಂದು ಕಚ್ಚಿ ಕೂತು ಆ ಕೆಲಸ ತಪ್ಪಿಸಿತು. ಕಚ್ಚಿಕೊಂಡ ಕಾರಣಕ್ಕೇ ನಡುವಿನ ಒಂದನ್ನು ತೆಗೆಯಬೇಕಾದರೆ ಸುತ್ತಲಿನ ನಾಲ್ಕನ್ನು ಎಬ್ಬಿಸಬೇಕು. ಕೂಡುಕುಟುಂಬಗಳಲ್ಲಿ ಪಾಲು ಆಗುವುದೂ ಹೀಗೆಯೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ.

ಇನ್ನು ಶಾಸನಗಳು. ಬಿ. ಎಲ್. ರೈಸ್ 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ನಂಬರು ಹಾಕಿ ಪ್ರಕಟಿಸಿದರು. ಆದರೆ ಮಹಾಶಯರು ಮನೆಗಳ ಸುಣ್ಣ ಕೆರೆಯಲಿಲ್ಲ. ಹೆಂಡತಿ ಕೆರೆದಳು. ಸುಣ್ಣದ ಮೇಲಿದ್ದ ಪ್ಲಾಸ್ಟಿಕ್ ಪೇಂಟಿನ ಕೆಳಗೆ ನೀಲಿ ಬೆರೆಸಿದ ಸುಣ್ಣ. ಅದರ ಅಡಿಯಲ್ಲಿ ಸೀಮೆಸುಣ್ಣದ ಒಂದು ‘ಪಿ’, ಅಂದರೆ 1995ರಿಂದೀಚೆಗೆ ಪಲ್ಸ್ ಪೋಲಿಯೋದವರು ಮಕ್ಕಳಿಗೆ ಹನಿ ಹಾಕಿ ಬರೆದುಹೋದದ್ದು. ಮತ್ತೊಂದು ಪದರದಲ್ಲಿ ಕುಟುಂಬ ಯೋಜನೆಯವರ ಕೆಂಪು ತ್ರಿಕೋನ. ಇನ್ನೂ ಕೆಳಗೆ ಮಲೇರಿಯಾದವರು ಡಿಡಿಟಿ ಹೊಡೆದು ಬರೆದ ತಾರೀಕು. ಆ ಕಾರ್ಯಕ್ರಮ ಶುರುವಾದದ್ದು 1953ರಲ್ಲಾದ್ದರಿಂದ ಗೋಡೆಯ ಕಾಲನಿರ್ಣಯಕ್ಕೆ ಆಧಾರ ಸಿಕ್ಕಿತು. ಜನಗಣತಿಯ ನಂಬರುಗಳು ಹತ್ತು ವರ್ಷಕ್ಕೊಂದರಂತೆ ಬಾಗಿಲ ಪಟ್ಟಿಯ ಮೇಲೆ ಸಾಲಾಗಿವೆ. 2021ರ ಸ್ತರ ಮಾತ್ರ ಕಾಣೆಯಾಗಿದೆ. ಇದರಿಂದ ಆ ವರ್ಷ ಊರು ಪಾಳುಬಿದ್ದಿತ್ತೆಂದು ಮುಂದಿನ ಪುರಾತತ್ತ್ವಜ್ಞರು ತಿಳಿಯಬಾರದು, ಗಣತಿಯೇ ನಡೆಯಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಶಾಸನ ಬಾಗಿಲ ಮೇಲೆ ದೊರೆಯಿತು. ಎರಡು ಕೋಟು ಬಣ್ಣದ ಕೆಳಗೆ ಅರಿಸಿನ ಕುಂಕುಮದ ಕಲೆಯ ಪಕ್ಕ, ದುಂಡಗಿನ ಅಕ್ಷರದಲ್ಲಿ: ‘ನಾಳೆ ಬಾ’. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ರಾತ್ರಿ ಹೊತ್ತು ಹೆಸರು ಹಿಡಿದು ಕರೆಯುವ ದೆವ್ವದ ಸುದ್ದಿ ಹಬ್ಬಿ, ಮನೆ ಮನೆಯ ಬಾಗಿಲಲ್ಲೂ ಇದನ್ನು ಬರೆಯಲಾಗಿತ್ತು. ದೆವ್ವ ಓದಿ ಹಿಂದಿರುಗಿ, ಮಾರನೇ ದಿನ ಬಂದು ಮತ್ತೆ ಓದುತ್ತಿತ್ತಂತೆ. ಮೇಸ್ತ್ರಿಯೂ ಓದು ಬಲ್ಲವನೆಂದು ಪ್ರಬಂಧಕಾರ ಇಲ್ಲಿ ದಾಖಲಿಸುತ್ತಾನೆ.

ಈಗ ಮುಖ್ಯ ಪ್ರಮೇಯಕ್ಕೆ ಬರಬಹುದು. ಹಳೇ ಮನೆಯ ವಿಚಾರದಲ್ಲಿ ದಾಂಪತ್ಯ ಎರಡು ದರ್ಶನಗಳಾಗಿ ಒಡೆಯುತ್ತದೆ. ಒಂದು ಜಗಲಿವಾದ, ಇನ್ನೊಂದು ಬಚ್ಚಲುವಾದ. ಜಗಲಿವಾದಿಗೆ ಮನೆಯೆಂದರೆ ಬೇಸಿಗೆ ರಜೆ. ಚಪ್ಪಡಿಯ ತಂಪು, ಅಜ್ಜಿಯ ಎಲೆಅಡಿಕೆ, ಸಂಜೆ ಬಂದು ಕೂರುವವರ ಮಾತು. ಅವನ ಪ್ರಕಾರ ದುರಸ್ತಿಯೆಂದರೆ ಇದ್ದದ್ದನ್ನು ಇದ್ದ ಹಾಗೇ ತರುವುದು: ಮಣ್ಣಿನ ನೆಲ, ಕೆಮ್ಮಣ್ಣಿನ ಅಂಚು, ಮೂಲೆಯಲ್ಲಿ ಒರಳು. ಬಚ್ಚಲುವಾದಿ ಬೇರೆ ಊರಿನ ಇಂಥದೇ ಮನೆಯಲ್ಲಿ ಬೆಳೆದವಳು. ಶುಕ್ರವಾರ ಶುಕ್ರವಾರ ನೆಲಕ್ಕೆ ಸಗಣಿ ಸಾರಿಸಿದವಳು. ಗಂಡನ ಮನೆಗೆ ಬಂದ ಮೊದಲ ಗೌರಿಹಬ್ಬದಲ್ಲಿ ಹಿತ್ತಲಿನ ಬಚ್ಚಲಿಗೆ ಮಳೆಯಲ್ಲಿ ಓಡಿದವಳು. ಹಸಿ ಸೌದೆ ಊದಿ ಊದಿ ಹಂಡೆ ಕಾಯಿಸಿದವಳು.

“ಮಣ್ಣಿನ ನೆಲದ ಸುಖ ಯಾವ ಟೈಲ್ಸಿಗೆ ಬರುತ್ತೆ ಹೇಳು?”

“ಹೌದು ಕಣ್ರೀ. ಸಾರಿಸೋ ಸುಖ ಈ ಸಲ ನೀವೇ ತಗೊಳ್ಳಿ.”

ಈ ಸಂವಾದದಿಂದ ಒಂದು ನಿಯಮ ಹೊರಡುತ್ತದೆ: ಹಳೇ ಮನೆಯ ಮೇಲಿನ ಪ್ರೀತಿ ಪೊರಕೆಯಿಂದ ಇರುವ ದೂರಕ್ಕೆ ನೇರ ಅನುಪಾತದಲ್ಲಿರುತ್ತದೆ. ಪಾರಂಪರಿಕ ಮನೆಗಳ ಬಗ್ಗೆ ಹೊಳಪು ಕಾಗದದ ಮೇಲೆ ಬಂದ ಪುಸ್ತಕಗಳಲ್ಲಿ ತೊಟ್ಟಿಯ ಚಿತ್ರ, ಕಂಬದ ಚಿತ್ರ ಎಷ್ಟಿವೆ, ಬಚ್ಚಲಿನ ಚಿತ್ರ ಎಷ್ಟಿವೆ ಎಂದು ಎಣಿಸಿ ನೋಡಬಹುದು.

ಹಾಗೆಂದು ಬಚ್ಚಲುವಾದಕ್ಕೆ ಪೂರ್ಣ ಜಯವಿಲ್ಲ. ಗೋಡೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಹೆಂಡತಿಯ ಹಟಕ್ಕೆ ನಡುಮನೆಯ ಒಂದು ಗೋಡೆಗೆ ಸಿಮೆಂಟು ಗಾರೆ ಮೆತ್ತಲಾಯಿತು. ಮೆತ್ತಿದ್ದು ಗಂಡ, ಕಲಸಿದ್ದು ಹೆಂಡತಿ. ಮೊದಲ ಮಳೆಗಾಲ ಮುಗಿದ ಮೇಲೆ ಬೆರಳಿನ ಗೆಣ್ಣಿನಿಂದ ಬಡಿದರೆ ‘ಡಬ್ ಡಬ್’ ಎಂದಿತು. ಎರಡನೆಯದಕ್ಕೆ ರೊಟ್ಟಿ ಎದ್ದಂತೆ ಎದ್ದು, ಒಂದು ರಾತ್ರಿ ಕೆಳಗಿಳಿಯಿತು. ಹದಿಮೂರನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಪಂಚಮೀ ವಿಭಕ್ತಿಗೆ ‘ಅತ್ತಣಿಂ’ ಎಂಬ ಬೇರೆಯೇ ಪ್ರತ್ಯಯ ಇಟ್ಟಿದ್ದ. ಹೊಸಗನ್ನಡ ಅದನ್ನು ಕೈಬಿಟ್ಟು ತೃತೀಯೆ, ಪಂಚಮಿ ಎರಡಕ್ಕೂ ‘ಇಂದ’ ಎಂದುಬಿಟ್ಟಿತು. ಅದರ ಫಲವನ್ನು ಈ ದಂಪತಿ ಉಂಡರು: ಗಾರೆ ಕರಣೆಯಿಂದ ಗೋಡೆಗೆ ಹೋಯಿತು, ಗೋಡೆಯಿಂದ ನೆಲಕ್ಕೆ ಬಂತು.

ಕಾರಣ ವ್ಯಾಕರಣದ್ದಲ್ಲ, ನೀರಿನದು. ಹಳೇ ಮಣ್ಣುಗೋಡೆ ಬುನಾದಿಯಿಂದ ತೇವ ಹೀರುತ್ತದೆ, ಎರಡೂ ಮೈಯಿಂದ ಬಿಡುತ್ತದೆ. ಅಷ್ಟು ವರ್ಷ ನಿಂತದ್ದು ಹಾಗೆ. ಸಿಮೆಂಟು ಆ ಉಸಿರನ್ನು ಕಟ್ಟುತ್ತದೆ. ಒಳಗಿನ ತೇವ ಮೇಲೇರಿ, ಗಾರೆಯ ಹಿಂದಿನ ಮಣ್ಣು ಪುಡಿಯಾಗುತ್ತದೆ. ಮಣ್ಣು ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಬಾಗುವುದಿಲ್ಲ. ಸುಣ್ಣದ ಗಾರೆ ಹೀಗಲ್ಲ. ಸುಣ್ಣದ ಕಲ್ಲನ್ನು 900 ಡಿಗ್ರಿಯ ಆಸುಪಾಸು ಸುಟ್ಟು, ನೀರಿಗೆ ಹಾಕಿ ಕೊತಕೊತ ಕುದಿಸಿ, ವಾರಗಟ್ಟಲೆ ನೆನೆಹಾಕಿ, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸಿ ಅರೆದು ಬಳಿದರೆ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ಹೀರಿ ಮತ್ತೆ ಕಲ್ಲಾಗುತ್ತದೆ, ತೇವಕ್ಕೂ ದಾರಿ ಬಿಡುತ್ತದೆ. ಇಷ್ಟನ್ನು ತಿಳಿದ ಗಂಡ ಪೇಟೆಗೆ ಹೋಗಿ ಸುಣ್ಣ ಕೇಳಿದ. ಅಂಗಡಿಯವನು ಎಲೆಗೆ ಹಚ್ಚುವ ಸುಣ್ಣದ ಡಬ್ಬಿ ಕೊಟ್ಟು “ಎಷ್ಟು ಸಾರ್, ಎರಡಾ?” ಎಂದ.

ಮೂರು ಊರು ಸುತ್ತಿ ಸುಟ್ಟ ಸುಣ್ಣ ಸಿಕ್ಕಿತು. ಬೆಲ್ಲದ ಪ್ರಮಾಣದ ಬಗ್ಗೆ ಎರಡು ಪಾಠಾಂತರಗಳಿದ್ದವು. ಜಗಲಿವಾದಿ ಹೆಚ್ಚಿನ ಪಾಠ ಹಿಡಿದ. ಮರುದಿನ ಗೋಡೆಯ ತುಂಬ ಇರುವೆ.

ನೆಲ ಅಗೆಯುವಾಗ ಪಡಸಾಲೆಯ ಮೂಲೆಯಲ್ಲಿ ಹಾರೆ ಒಮ್ಮೆಗೇ ಒಳಕ್ಕಿಳಿಯಿತು. ನಿಧಿಯೆಂದು ಗಂಡನ ಕೈ ನಡುಗಿತು. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇರುವುದರಿಂದ ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸಬೇಕೆಂದು ಹೆಂಡತಿ ಹೇಳಿದಳು. ಹೇಳಿ, ಕದ ಹಾಕಿದಳು. ಕಂಡದ್ದು ಹಗೇವು, ರಾಗಿ ತುಂಬಿಡುತ್ತಿದ್ದ ನೆಲಗಣಜ. ಗಂಡ ಇಳಿಯಲು ಕಾಲು ಬಿಟ್ಟಾಗ ಬೀದಿಯ ಅಜ್ಜಿಯೊಬ್ಬಳು ಓಡಿ ಬಂದು ತಡೆದಳು: “ದೀಪ ಬುಟ್ ನೋಡಪ್ಪ ಮೊದ್ಲು!” ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ, ಅದಕ್ಕೆ ಇಳಿದು ಸತ್ತವರಿದ್ದಾರೆ. ಬಿಟ್ಟ ದೀಪ ಅರ್ಧಕ್ಕೇ ಆರಿತು. ಈ ಪ್ರಬಂಧದ ಹಾಸ್ಯ ಆ ಒಂದು ನಿಮಿಷಕ್ಕೆ ಅನ್ವಯಿಸುವುದಿಲ್ಲ.

ಅಟ್ಟದಲ್ಲಿ ರೇಷ್ಮೆಹುಳು ಗೂಡು ಕಟ್ಟಲು ಬಿಡುತ್ತಿದ್ದ ಬಿದಿರಿನ ಚಂದ್ರಿಕೆ ನಾಲ್ಕು ಸಿಕ್ಕವು. ಗೋಡೆಗೆ ತೂಗುಹಾಕಿದರೆ ಚೆನ್ನ ಎಂದವನು ಗಂಡ. ರಾತ್ರಿಯೆದ್ದು ಹುಳಕ್ಕೆ ಸೊಪ್ಪು ಹಾಕಿದ್ದ ಅವನ ತಾಯಿ ಸೌದೆ ಮಾಡು ಎಂದಳು. ಪೊರಕೆಯ ನಿಯಮಕ್ಕೆ ಇದು ಎರಡನೆಯ ಪುರಾವೆ.

ಕಾಲಾವಧಿಯ ಪ್ರಶ್ನೆಯೊಂದು ಉಳಿಯಿತು. ಯಾವಾಗ ಮುಗಿಯುತ್ತದೆ ಎಂದು ಹೆಂಡತಿ ಕೇಳಿದಾಗಲೆಲ್ಲ ಗಂಡ ದೇವನಹಳ್ಳಿ ಕೋಟೆಯನ್ನು ಉದಾಹರಿಸುತ್ತಾನೆ. 1501ರಲ್ಲಿ ಮಲ್ಲಬೈರೇಗೌಡ ಮಣ್ಣಿನಲ್ಲಿ ಕಟ್ಟಿದ ಆ ಕೋಟೆ ಈಗಿನ ಕಲ್ಲಿನ ರೂಪಕ್ಕೆ ಬರುವಷ್ಟರಲ್ಲಿ ಇನ್ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಅಲ್ಲಿ ಕಲ್ಲು ಕಟ್ಟಿಸಿದವನಿಗೆ ಹೈದರಾಲಿಯ ಸೈನ್ಯವಿತ್ತು, ಇಲ್ಲಿ ಭಾನುವಾರ ಮಾತ್ರ ಇದೆ ಎಂಬುದು ಅವನ ವಾದ. ಕೋಟೆಯವರಿಗೆ ಸ್ನಾನಕ್ಕೆ ಎಲ್ಲಿ ಅನುಕೂಲವಿತ್ತು ಎಂಬುದು ಅವಳ ಪ್ರತಿವಾದ.

ಸಿದ್ಧಾಂತ ಹೀಗೆ ನಿಂತಿದೆ. ಮಣ್ಣುಗೋಡೆಗಳಿಗೆ ಸುಣ್ಣದ ಗಾರೆ; ಇಲ್ಲಿ ಜಗಲಿವಾದ ಗೆದ್ದಿದೆ. ನೀರು ಬೀಳುವ ಜಾಗ ಮಣ್ಣುಗೋಡೆಗೆ ತಾಗಬಾರದಾದ್ದರಿಂದ ಹಿಂಬದಿಗೆ ಒಂದೂವರೆ ಅಡಿ ಸಂದು ಬಿಟ್ಟು, ಇಟ್ಟಿಗೆ ಸಿಮೆಂಟಿನಲ್ಲಿ, ಒಳಗಿನಿಂದಲೇ ಹೋಗುವಂತೆ ಬಚ್ಚಲು. ಮೊದಲು ಅದೇ ಆಗಬೇಕು ಎಂಬಲ್ಲಿ ಬಚ್ಚಲುವಾದ ಗೆದ್ದಿದೆ. ನಡುಮನೆಗೆ ಕೆಂಪು ರೆಡಾಕ್ಸೈಡ್ ನೆಲ. ಅದಕ್ಕೆ ಇಬ್ಬರೂ ಒಪ್ಪಿದ್ದಾರೆ, ಏಕೆಂದರೆ ಇಬ್ಬರಿಗೂ ಅದು ಎರಡನೆಯ ಆಯ್ಕೆ.

ಸದ್ಯ ಬಚ್ಚಲು ಮುಗಿದು ಬಿಸಿನೀರು ಬರುತ್ತಿದೆ. ಜಗಲಿಯ ಮೇಲೆ ಮರಳಿನ ರಾಶಿಯಿದೆ. ಅದರಲ್ಲಿ ಬೀದಿನಾಯಿಯೊಂದು ಐದು ಮರಿ ಹಾಕಿರುವುದರಿಂದ ಅವು ಕಣ್ಣು ಬಿಡುವವರೆಗೆ ಕೆಲಸ ನಿಂತಿದೆ.