ಮೂಗಿಗೆ ಸವರಿದ ತುಪ್ಪಕ್ಕೆ ಜಿಎಸ್‌ಟಿ ಎಷ್ಟು ಸ್ವಾಮಿ?

ನವೆಂಬರ್ 2025

ಗೆ,
ಮಾನ್ಯ ಕೇಂದ್ರ ಹಣಕಾಸು ಸಚಿವರು, ನವದೆಹಲಿ
ಮಾನ್ಯ ರಾಜ್ಯ ಹಣಕಾಸು ಸಚಿವರು (ಅವರೇ ಮುಖ್ಯಮಂತ್ರಿಗಳೂ ಹೌದು), ಬೆಂಗಳೂರು

ವಿಷಯ: ಉಳಿತಾಯ ಉತ್ಸವದಲ್ಲಿ ನನ್ನ ಪಾಲಿಗೆ ಬಂದ ಉಳಿತಾಯವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಸಿಕೊಡುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಶೇ 70ರ ಮನುಷ್ಯ. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎಡಗಾಲು ಹೋಯಿತು, ಬಲಗಾಲು ಅರ್ಧಂಬರ್ಧ ಉಳಿಯಿತು. ಅದನ್ನೆಲ್ಲ ಕೂಡಿಸಿ ಕಳೆದು ಡಾಕ್ಟರು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿನಲ್ಲಿ 70 ಎಂದು ಬರೆದಿದ್ದಾರೆ. ಮಿಕ್ಕ ಶೇ 30ರಲ್ಲಿ ಬಸ್ ಸ್ಟ್ಯಾಂಡ್ ಪಕ್ಕ ಒಂದು ಪೆಟ್ಟಿಗೆ ಅಂಗಡಿ ನಡೆಸುತ್ತೇನೆ, ಈ ಪತ್ರವನ್ನೂ ಬರೆಯುತ್ತಿದ್ದೇನೆ.

ಮೊದಲಿಗೆ ಧನ್ಯವಾದ. ಉಳಿತಾಯ ಉತ್ಸವ ಎಂದು ಹೆಸರಿಟ್ಟು ಸೆಪ್ಟೆಂಬರ್ 22ರಿಂದ ತುಪ್ಪದ ಮೇಲಿನ ತೆರಿಗೆಯನ್ನು ಶೇ 12ರಿಂದ 5ಕ್ಕೆ ಇಳಿಸಿದಿರಿ. ಲೀಟರಿಗೆ 650 ಇದ್ದ ನಂದಿನಿ ತುಪ್ಪ 610 ಆಯಿತು. ಪೇಪರಿನಲ್ಲಿ ಓದಿ ತುಂಬಾ ಖುಷಿಪಟ್ಟೆ. ನನ್ನ ಅಂಗವಿಕಲ ಮಾಸಾಶನ ತಿಂಗಳಿಗೆ 800 ರೂಪಾಯಿ. ಒಂದು ಲೀಟರ್ ತುಪ್ಪ ತಂದರೂ ಇನ್ನು 190 ರೂಪಾಯಿ ಕೈಯಲ್ಲಿ ಉಳಿಯುತ್ತದಲ್ಲ, ತಿಂಗಳೆಲ್ಲ ಏನು ಮಾಡಲಿ ಅದನ್ನು ಎಂಬ ಚಿಂತೆ ಹತ್ತಿತು. ಆ ಚಿಂತೆಯನ್ನು ಬೆಂಗಳೂರಿನವರು ಬಹಳ ದಿನ ಉಳಿಸಲಿಲ್ಲ. ಇದೇ ತಿಂಗಳು ಲೀಟರಿಗೆ 90 ಏರಿಸಿ 700 ಮಾಡಿದರು. ದೆಹಲಿಯವರು 40 ಇಳಿಸಿದ್ದು, ಬೆಂಗಳೂರಿನವರು 90 ಏರಿಸಿದ್ದು. ಮೂಗಿಗೆ ತುಪ್ಪ ಸವರುವುದು ಹಳೆಯ ಪದ್ಧತಿ. ಸವರಿದ ತುಪ್ಪವನ್ನು ಕೆರೆದು ವಾಪಸ್ ತಗೊಂಡು, ಮೂಗಿನ ಬಾಡಿಗೆಯನ್ನೂ ಕೇಳುವುದನ್ನು ಈ ವರ್ಷವೇ ನೋಡಿದ್ದು.

ಅಂಗಡಿಯವನಾದ್ದರಿಂದ ನಿಮ್ಮ ಉತ್ಸವವನ್ನು ಹತ್ತಿರದಿಂದ ಕಂಡೆ. ಸೋಪು, ಪೇಸ್ಟು, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಎಲ್ಲ 18ರಿಂದ 5ಕ್ಕೆ ಇಳಿಯಿತು. ಮಾರನೇ ದಿನವೇ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯೊಬ್ಬಳು ಒಂದು ರೂಪಾಯಿಯ ಶಾಂಪೂ ಪೊಟ್ಟಣ ಹಿಡಿದು ನಿಂತಳು. ‘ತೆರಿಗೆ ಕಮ್ಮಿ ಆಯ್ತಂತಲ್ಲ ಅಣ್ಣ, ವಾಪಸ್ ಎಷ್ಟು ಕೊಡ್ತೀರಾ?’ ಸುಳ್ಳು ಹೇಳಬಾರದು ಅಂತ ರಟ್ಟಿನ ಮೇಲೆ ಲೆಕ್ಕ ಹಾಕಿದೆ. 11 ಪೈಸೆ ಬಂತು. 25 ಪೈಸೆಯ ನಾಣ್ಯವನ್ನೇ ಕೇಂದ್ರ ಸರ್ಕಾರ 2011ರಲ್ಲಿ ಚಲಾವಣೆಯಿಂದ ತೆಗೆದಿದೆ, 11 ಪೈಸೆಯನ್ನು ನಾನು ಯಾವ ಟಂಕಸಾಲೆಯಲ್ಲಿ ಅಚ್ಚು ಹಾಕಿಸಲಿ? ‘ಹತ್ತು ಪೊಟ್ಟಣ ತಗೊಳ್ಳಮ್ಮ, ಒಂದು ಚಾಕೊಲೇಟ್ ಕೊಡ್ತೀನಿ’ ಅಂದೆ. ನಕ್ಕಳು, ಒಂದೇ ತಗೊಂಡು ಹೋದಳು.

ನಮ್ಮ ಮನೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸೋಪು ಪೇಸ್ಟು ಎಣ್ಣೆ ಎಂದು ತಿಂಗಳಿಗೆ 200 ರೂಪಾಯಿ ಖರ್ಚು ಅಂತ ಇಟ್ಟುಕೊಳ್ಳಿ. ಇಳಿಕೆ ಪೂರ್ತಿ ನಮ್ಮ ಕೈಸೇರಿದರೆ ಉಳಿಯುವುದು 22 ರೂಪಾಯಿ. ಅಕ್ಕಿ ರೇಷನ್ನಿಂದ ಬರುತ್ತದೆ. ಸೊಪ್ಪು ತರಕಾರಿಗೆ ಮೊದಲೂ ಜಿಎಸ್‌ಟಿ ಇರಲಿಲ್ಲ, ಈಗಲೂ ಇಲ್ಲ. ಹಾಲಿಗೂ ಇಲ್ಲ. ಆದರೆ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಾಯಿತಲ್ಲ, ದಿನಕ್ಕೆ ಅರ್ಧ ಲೀಟರ್ ತರುವ ಮನೆಗೆ ಅದು ತಿಂಗಳಿಗೆ 60. ಬಂದದ್ದು 22, ಹೋದದ್ದು 60. ಉತ್ಸವ ಅಂದರೆ ಖರ್ಚು ಇದ್ದೇ ಇರುತ್ತದೆ ಬಿಡಿ.

ಯಾರಿಗೆ ಎಷ್ಟು ಉಳಿಯಿತು ಎಂಬುದನ್ನು ಅಂಗಡಿಯ ಎದುರಿನ ರಸ್ತೆಯಲ್ಲೇ ನೋಡಬಹುದು. ತೆರಿಗೆ ಬಿಟ್ಟು 5 ಲಕ್ಷ ಬೆಲೆಯ ಸಣ್ಣ ಪೆಟ್ರೋಲ್ ಕಾರಿಗೆ ಮೊದಲು ಸೆಸ್ಸೂ ಸೇರಿ ಶೇ 29 ಬೀಳುತ್ತಿತ್ತು, ಈಗ 18. ಉಳಿತಾಯ 55,000 ರೂಪಾಯಿ. ನನ್ನ 800ರ ಲೆಕ್ಕದಲ್ಲಿ ಅದು ಸುಮಾರು ಐದೂಮುಕ್ಕಾಲು ವರ್ಷದ ಮಾಸಾಶನ. ಒಬ್ಬರು ಒಂದು ಮಧ್ಯಾಹ್ನ ಶೋರೂಮಿಗೆ ಹೋಗಿ ಬಂದರೆ ನನ್ನ ಐದೂಮುಕ್ಕಾಲು ವರ್ಷ! ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಕಾರಿನವರು ಅಂಗಡಿ ಮುಂದೆ ನಿಲ್ಲಿಸಿ ನೀರಿನ ಬಾಟಲಿ ಕೊಳ್ಳುತ್ತಾರೆ. ಆದರೆ ಒಂದು ಮಾತು. ಮೊದಲು ನಮ್ಮಂಥವರು ಸಣ್ಣ ಕಾರು ಕೊಂಡರೆ, ದೆಹಲಿಯ ಭಾರೀ ಕೈಗಾರಿಕೆ ಸಚಿವಾಲಯದಿಂದ ಸರ್ಟಿಫಿಕೇಟು ತಂದರೆ, 28ರ ಬದಲು 18 ಹಾಕುತ್ತಿದ್ದರು. ನಮಗೆಂದೇ ಇದ್ದ ತೆರಿಗೆ ರಿಯಾಯಿತಿ ಅದು. ನಮ್ಮಲ್ಲಿ ಕಾರು ಕೊಳ್ಳುವವರು ಎಷ್ಟು ಜನ ಎಂದು ಕೇಳಬೇಡಿ, ಇತ್ತು ಎಂಬುದೇ ಒಂದು ಗೌರವ. ಈಗ ಎಲ್ಲರಿಗೂ 18. ನಮ್ಮ ತಟ್ಟೆಯ ಹೋಳಿಗೆಯನ್ನು ಊರಿಗೆಲ್ಲ ಬಡಿಸಿದಿರಿ, ನಮ್ಮ ತಟ್ಟೆಗೆ ಇನ್ನೊಂದು ಹಾಕುವುದನ್ನು ಮರೆತಿರಿ.

ಇನ್ನು ಪ್ಯಾಕೆಟ್ ಪರೋಟ. ಅದು ರೊಟ್ಟಿಯ ಜಾತಿಗೆ ಸೇರಿದ್ದಲ್ಲ, ಶೇ 18 ಕಟ್ಟಲಿ ಎಂದು 2020ರಲ್ಲಿ ನಮ್ಮ ಕರ್ನಾಟಕದ ಮುಂಗಡ ತೀರ್ಪಿನ ಪ್ರಾಧಿಕಾರವೇ ಹೇಳಿ ದೇಶವೆಲ್ಲ ನಕ್ಕಿತ್ತು. ಈಗ ಅದಕ್ಕೆ ಸೊನ್ನೆ. ಪರೋಟಕ್ಕೆ ನ್ಯಾಯ ಸಿಕ್ಕಿತು, ಸಂತೋಷ. ಗಾಲಿಕುರ್ಚಿಗೆ 2017ರಲ್ಲಿ ಹಾಕಿದ ಶೇ 5 ಹಾಗೇ ಇದೆ. ಸೊನ್ನೆ ಮಾಡಿದರೆ ಇಲ್ಲಿ ತಯಾರಿಸುವವರಿಗೆ ಕಚ್ಚಾ ಸಾಮಗ್ರಿಯ ತೆರಿಗೆ ವಾಪಸ್ ಸಿಗುವುದಿಲ್ಲ, ವಿದೇಶಿ ಕುರ್ಚಿಗೆ ಅನುಕೂಲವಾಗುತ್ತದೆ ಎಂದು ಆಗ ವಿವರಣೆ ಕೊಟ್ಟಿದ್ದಿರಿ. ಪರೋಟಕ್ಕೆ ಈ ಅಪಾಯ ಇಲ್ಲವೋ ಏನೋ. ನನಗೆ ಗೊತ್ತಾದ ಮಟ್ಟಿಗೆ ಪರೋಟದ ಮೇಲೆ ಕೂತು ಆಸ್ಪತ್ರೆಗೆ ಹೋಗಲು ಬರುವುದಿಲ್ಲ.

ಇಷ್ಟೆಲ್ಲ ಬರೆಯುವ ಉದ್ದೇಶ ನನಗಿರಲಿಲ್ಲ. ಇವತ್ತು ಬೆಳಿಗ್ಗೆ ತಲೆ ಕೆಟ್ಟಿತು. ಆ 800 ಕೂಡ ಕೆಲವು ತಿಂಗಳಿಂದ ಬಂದಿಲ್ಲ. ಅಂಗಡಿಗೆ ಬೀಗ ಹಾಕಿ ಆಟೊ ಹಿಡಿದು ಕಚೇರಿಗೆ ಹೋದೆ. ಹೋಗಿ ಬರಲು ಇನ್ನೂರು. ಮಾಸಾಶನ ಎಲ್ಲಿದೆ ಎಂದು ಕೇಳಲಿಕ್ಕೆ ಮಾಸಾಶನದ ಕಾಲು ಭಾಗ ಕೊಟ್ಟೆ. (ಪೆಟ್ರೋಲ್ ಡೀಸೆಲ್ ಜಿಎಸ್‌ಟಿಯ ಒಳಗೇ ಇಲ್ಲ, ಹಾಗಾಗಿ ಆಟೊದವನ ಮನೆಗೆ ಉತ್ಸವ ಹೋಗಿಲ್ಲ.) ಸರದಿ ಬರುವ ಹೊತ್ತಿಗೆ ಹನ್ನೆರಡು ದಾಟಿತ್ತು. ಕೇಸ್ ವರ್ಕರ್ ಒಳ್ಳೆಯ ಹುಡುಗ, ಕಂಪ್ಯೂಟರ್ ನನ್ನ ಕಡೆಗೇ ತಿರುಗಿಸಿದ.

‘ಖಜಾನೆಯ ಕೆ-2ರಲ್ಲಿ ಸಕ್ಸೆಸ್ ಅಂತ ತೋರಿಸ್ತಿದೆ ಅಣ್ಣ. ದುಡ್ಡು ಹೋಗಿದೆ.’

‘ಎಲ್ಲಿಗಪ್ಪ?’

‘ಅದನ್ನ ಬ್ಯಾಂಕ್‌ನೋರು ಹೇಳ್ಬೇಕು.’

ಬ್ಯಾಂಕಿನವರು ಏನು ಹೇಳುತ್ತಾರೆ ಎಂದು ನನಗೆ ಗೊತ್ತು, ಅಲ್ಲಿಗೆ ಮೊದಲೇ ಹೋಗಿಬಂದಿದ್ದೆ. ‘ನಿಮ್ಮ ಆಧಾರ್ ಬೇರೆ ಯಾವುದೋ ಅಕೌಂಟಿಗೆ ಮ್ಯಾಪ್ ಆಗಿದೆ, ಕಚೇರೀಲಿ ಕೇಳಿ.’ ಎಂದೂ ತೆರೆಯದ ಅಕೌಂಟಿನಲ್ಲಿ ನಾನೀಗ ಶ್ರೀಮಂತನಾಗುತ್ತಿದ್ದೇನೆ. ಇದೂ ಒಂದು ಉಳಿತಾಯವೇ.

ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ವೃದ್ಧರ ಸಂಧ್ಯಾ ಸುರಕ್ಷಾ ಮಾಸಾಶನದವರು. ನನ್ನ ಊರುಗೋಲು ನೋಡಿ ಕೇಳಿದರು, ‘ನಿಂಗೆಷ್ಟು ಬತ್ತದಪ್ಪ?’

‘ಎಂಟುನೂರು ಕಣಜ್ಜಿ.’

‘ನಂಗೆ ಸಾವಿರದಿನ್ನೂರು. ಅಯ್ಯೋ, ಎರಡು ಕಾಲೂ ನೆಟ್ಟಗಿರೋ ನಂಗೇ ಜಾಸ್ತಿನಾ? ಇದ್ಯಾವ ಲೆಕ್ಕನಪ್ಪ!’

ಮಾನ್ಯರೇ, ಈ ಪ್ರಶ್ನೆಗೆ ಉತ್ತರ ಕೊಡಿ. ತುಪ್ಪವನ್ನು ಬಿಟ್ಟುಬಿಡಿ, ಕಾರನ್ನೂ ಬಿಡಿ. ಅಜ್ಜಿಯ ಪ್ರಶ್ನೆ ಸಾಕು.

ಯಾಕೆಂದರೆ ಇದಕ್ಕೆ ಕಾನೂನು ಇದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು, ನಿಮ್ಮ ಜಿಎಸ್‌ಟಿಗಿಂತ ಎರಡೂವರೆ ತಿಂಗಳು ಮೊದಲು. ಅದರ 24ನೇ ಸೆಕ್ಷನ್ ಹೇಳುವುದೇನು? ಬೇರೆಯವರಿಗೆ ಕೊಡುವ ಅದೇ ಬಗೆಯ ನೆರವಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25 ಹೆಚ್ಚು ಕೊಡಬೇಕು. ಕನಿಷ್ಠ! ಅಜ್ಜಿಗೆ 1,200 ಆದರೆ ನನಗೆ 1,500 ಆಗಬೇಕು. ಶೇ 75 ದಾಟಿದವರಿಗೆ ನೀವು ಕೊಡುವ 1,400 ಕೂಡ ಅಲ್ಲಿಗೆ ಮುಟ್ಟುವುದಿಲ್ಲ. ವಿಧವಾ ವೇತನ 800, ನನ್ನದೂ 800. 800ರ ಮೇಲೆ ಶೇ 25 ಎಂದರೆ 1,000 ಅಂತ ಏಳನೇ ಕ್ಲಾಸಿನ ಹುಡುಗ ಹೇಳುತ್ತಾನೆ. ಮನೆಯೊಡತಿಗೆ ಕೊಡುವ ಗೃಹಲಕ್ಷ್ಮಿಯ 2,000ಕ್ಕೆ ಈ ಸೂತ್ರ ಹಾಕಲು ನನಗೆ ಧೈರ್ಯವಿಲ್ಲ, ನಮ್ಮ ಮನೆ ನಡೆಯುತ್ತಿರುವುದೇ ಆ ದುಡ್ಡಿನಿಂದ. ‘ನೀವೂ ಲಕ್ಷ್ಮಿ ಆಗಬೇಕಿತ್ತು ಕಣ್ರೀ’ ಎನ್ನುತ್ತಾಳೆ ನಮ್ಮ ಮನೆಯವಳು.

2021ರ ಜುಲೈನಲ್ಲಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಕುರ್ಚಿಯಲ್ಲಿ ಕೂತ ದಿನವೇ 600 ಇದ್ದದ್ದನ್ನು 800 ಮಾಡುವುದಾಗಿ ಹೇಳಿದರು. ಏರಿಕೆ ದಿನಕ್ಕೆ ಆರು ರೂಪಾಯಿ ಅರವತ್ತೇಳು ಪೈಸೆ. ಅದಾದ ಮೇಲೆ ಸರ್ಕಾರ ಬದಲಾಯಿತು, ಗ್ಯಾರಂಟಿ ಬಂತು, ಈ ವರ್ಷದ ಮಾರ್ಚಿನಲ್ಲಿ ಶಾಸಕರ ಸಂಬಳ 40,000ದಿಂದ 80,000 ಆಯಿತು. ನನ್ನದು 800ರಲ್ಲೇ ನಿಂತಿದೆ. ನೌಕರರಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆ. ಅಂದರೆ ತುಟ್ಟಿ ಎನ್ನುವುದು ಅವರ ಮನೆಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ನಮ್ಮ ಮನೆಗೆ ಬಂದೇ ಇಲ್ಲ!

ದೆಹಲಿಯವರು ನಗಬೇಡಿ. ಇಂದಿರಾ ಗಾಂಧಿ ಹೆಸರಿನ ನಿಮ್ಮ ಅಂಗವಿಕಲ ಪಿಂಚಣಿ 300 ರೂಪಾಯಿ, 2012ರಿಂದ ಹಾಗೇ ಇದೆ. ಅದೂ ಶೇ 80ರಷ್ಟು ವೈಕಲ್ಯ ಇರುವವರಿಗೆ. 70ರ ನಾನು ಬೆಂಗಳೂರಿನ ಲೆಕ್ಕದಲ್ಲಿ ಅಂಗವಿಕಲ, ದೆಹಲಿಯ ಲೆಕ್ಕದಲ್ಲಿ ನನ್ನ ಕಾಲು ಚೆನ್ನಾಗಿದೆ. 40, 75, 80 ಎಂದು ಮೂರು ಅಳತೆಪಟ್ಟಿ ನಮಗೆ. ಸಾಮಾನಿನ ಸ್ಲ್ಯಾಬ್ ಬಹಳವಾಯಿತು ಎಂದು 12 ಮತ್ತು 28ನ್ನು ಕಿತ್ತು ಹಾಕಿದಿರಿ. ಮನುಷ್ಯರ ಸ್ಲ್ಯಾಬ್ ಯಾವ ಕೌನ್ಸಿಲ್ಲಿನ ಮುಂದೆ ಬರುತ್ತದೆ? ದೆಹಲಿಯ ಸಚಿವೆ ಮೇಡಂ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು, ಅದಕ್ಕೇ ಸಲಿಗೆಯಿಂದ ಕೇಳುತ್ತಿದ್ದೇನೆ.

ನಿಮ್ಮ ಉತ್ತರ ನನಗೆ ಗೊತ್ತು. ಅದೇ 24ನೇ ಸೆಕ್ಷನ್‌ನಲ್ಲಿ ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಮಾತೂ ಇದೆ, ಅದನ್ನು ತೋರಿಸುತ್ತೀರಿ. ತೋರಿಸಿ. ಈ ತೆರಿಗೆ ಇಳಿಕೆಯಿಂದ 48,000 ಕೋಟಿ ಕಡಿಮೆಯಾಗುತ್ತದೆ ಎಂದು ಅಂದಾಜು ಕೊಟ್ಟವರು ನೀವೇ. ವೃದ್ಧರು, ವಿಧವೆಯರು, ಅಂಗವಿಕಲರು ಎಲ್ಲರಿಗೂ ಸೇರಿ ಕೇಂದ್ರದ ಪಿಂಚಣಿ ಕಾರ್ಯಕ್ರಮಕ್ಕೆ ಈ ವರ್ಷ ಇಟ್ಟಿರುವುದು 9,652 ಕೋಟಿ. ಹತ್ತಿರಹತ್ತಿರ ಐದು ಪಟ್ಟು! ಕಾರಿಗೆ, ಎಸಿಗೆ, ದೊಡ್ಡ ಟಿವಿಗೆ ಇಳಿಸುವಾಗ ಆರ್ಥಿಕ ಸಾಮರ್ಥ್ಯ ಎಲ್ಲಿತ್ತು, ನಮ್ಮ ಫೈಲು ಬಂದ ಕೂಡಲೇ ಎಲ್ಲಿಗೆ ಹೋಯಿತು? ಅದೂ ಬೇರೆ ಅಕೌಂಟಿಗೆ ಮ್ಯಾಪ್ ಆಗಿದೆಯೇ? ತೆರಿಗೆ ಇಳಿಸಿದರೆ ಕೊಂಡವನಿಗೆ ಲಾಭ, ಹೆಚ್ಚು ಕೊಂಡವನಿಗೆ ಹೆಚ್ಚು ಲಾಭ. ಏನೂ ಕೊಳ್ಳಲಾಗದವನ ಮನೆಗೆ ದುಡ್ಡು ತಲುಪಬೇಕಾದರೆ ಕೈಗೇ ಕೊಡಬೇಕು. ಇದು ನಿಮಗೆ ಗೊತ್ತಿಲ್ಲದ ಅರ್ಥಶಾಸ್ತ್ರವಲ್ಲ. ಗೊತ್ತಿದ್ದೇ ಮೂಗಿಗೆ ತುಪ್ಪ ಸವರುತ್ತೀರಲ್ಲ, ಅದಕ್ಕೆ ಸಿಟ್ಟು ಬರುವುದು.

ಇರಲಿ. ವ್ಯಾಪಾರಸ್ಥನಾದ್ದರಿಂದ ಬಿಲ್ಲು ಬರೆದೇ ಪತ್ರ ಮುಗಿಸುತ್ತೇನೆ. ಕಾನೂನಿನಂತೆ ಬರಬೇಕಾದ್ದು 1,500, ಲೆಕ್ಕದಲ್ಲಿ ಕೊಟ್ಟದ್ದು 800, ತಿಂಗಳಿಗೆ ಬಾಕಿ 700. 2017ರಿಂದ ಕೇಳುವುದಿಲ್ಲ, 2021ರ ಆಗಸ್ಟಿನಿಂದ ಹೋದ ತಿಂಗಳವರೆಗೆ 51 ತಿಂಗಳು. ಒಟ್ಟು 35,700 ರೂಪಾಯಿ. ಬಡ್ಡಿ ಹಾಕಿಲ್ಲ, ಜಿಎಸ್‌ಟಿಯನ್ನೂ ಹಾಕಿಲ್ಲ.

ದಯವಿಟ್ಟು ಅಕೌಂಟಿಗೆ ಹಾಕಬೇಡಿ. ಮೊದಲು ಬರುತ್ತಿದ್ದ ಹಾಗೆ ಮನಿಯಾರ್ಡರ್ ಮಾಡಿ. ಪೋಸ್ಟ್‌ಮ್ಯಾನ್ ಇಪ್ಪತ್ತು ಮೂವತ್ತು ಹಿಡಿದುಕೊಂಡರೂ ಪರವಾಗಿಲ್ಲ, ಹಿಡಿದುಕೊಂಡವರು ಯಾರು ಎಂದಾದರೂ ಗೊತ್ತಿರುತ್ತದೆ.

ಇಂತಿ ತಮ್ಮ ವಿಧೇಯ,
ಶೇ 70